1841ರಲ್ಲಿ 25 ಎಂದಿದ್ದರೆ, ವಯಸ್ಸು 29 ಇರಬಹುದು

ಇಂಗ್ಲೆಂಡಿನಲ್ಲಿ ಬದುಕಿದ್ದ ಹತ್ತೊಂಬತ್ತನೇ ಶತಮಾನದ ಪೂರ್ವಜರನ್ನು ಹುಡುಕಬೇಕೇ? 1841ರ ಜನಗಣತಿಯಿಂದ ಶುರು ಮಾಡಬೇಡಿ. ಮೊದಲು 1851ರದ್ದು ತೆರೆಯಿರಿ.

1841ರಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಬೇಕೆಂಬ ಸೂಚನೆ ಇತ್ತು. 29 ವರ್ಷದವನೂ ಪುಸ್ತಕದಲ್ಲಿ 25. ಒಂದೇ ಮನೆಯಲ್ಲಿದ್ದವರು ಒಬ್ಬರಿಗೊಬ್ಬರು ಏನಾಗಬೇಕು ಎಂಬುದೂ ಇಲ್ಲ. ಪಕ್ಕದ ಸಾಲಿನ ಹೆಂಗಸು ಹೆಂಡತಿಯೋ ತಂಗಿಯೋ, ನೀವೇ ಊಹಿಸಬೇಕು. ಹುಟ್ಟೂರೂ ಇಲ್ಲ, ಇದೇ ಕೌಂಟಿಯಲ್ಲಿ (ಜಿಲ್ಲೆಯಲ್ಲಿ) ಹುಟ್ಟಿದರೋ ಇಲ್ಲವೋ, ಸ್ಕಾಟ್ಲೆಂಡ್, ಐರ್ಲೆಂಡ್ ಅಥವಾ ವಿದೇಶದಲ್ಲಿ ಹುಟ್ಟಿದರೋ, ಅಷ್ಟೇ.

1851ರ ಮಾರ್ಚ್ 30ರ ರಾತ್ರಿ ಮನೆಯಲ್ಲಿದ್ದ ಪ್ರತಿಯೊಬ್ಬರಿಗೂ ಯಜಮಾನನೊಂದಿಗಿನ ಸಂಬಂಧ, ಮದುವೆ, ವಯಸ್ಸು, ಕಸುಬು, ಹುಟ್ಟಿದ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ) ಎಲ್ಲವನ್ನೂ ಬರೆದರು. ನನಗಂತೂ ಈ ಕೊನೆಯ ಕಾಲಂ ಇಡೀ ಪುಟಕ್ಕಿಂತ ಅಮೂಲ್ಯ. ಏಕೆಂದರೆ ಇಂಗ್ಲೆಂಡಿನಲ್ಲಿ ಸರಕಾರಿ ಜನನ ನೋಂದಣಿ ಆರಂಭವಾದದ್ದೇ 1837ರಲ್ಲಿ. ಅದಕ್ಕೂ ಮುಂಚೆ ಹುಟ್ಟಿದವರಿಗಾಗಿ ಚರ್ಚಿನ ದೀಕ್ಷಾಸ್ನಾನದ ದಾಖಲೆ ನೋಡಬೇಕು. ಯಾವ ಊರಿನ ಚರ್ಚು? ಅದನ್ನು ಹೇಳುವುದು ಈ ಕಾಲಂ.

ಹೆಸರಿನ ಕಾಗುಣಿತ ಮಾತ್ರ ನಂಬಬೇಡಿ. ಓದುಬರಹ ಬಾರದವರ ಹೆಸರನ್ನು ಗಣತಿದಾರ ಕಿವಿಗೆ ಬಿದ್ದಂತೆ ಬರೆದುಕೊಂಡಿರುತ್ತಾನೆ. ಹೆಸರು ಸಿಗದಿದ್ದರೆ ಕಸುಬು, ಹುಟ್ಟೂರು, ಮಕ್ಕಳ ಹೆಸರು ಹಿಡಿದು ಹುಡುಕಿ.