ಕಾಣದ ಸಂದನ್ನು ಅಳೆಯುವ ದಾರ: 8ನೇ ತರಗತಿಯ ವಿಲೋಮ ಅನುಪಾತಕ್ಕೆ ಒಂದು ಬೋಧನೋಪಕರಣ

ಬೋಧನಾಭ್ಯಾಸದ ಎರಡನೇ ವಾರದಲ್ಲಿ ನಾನು ತೆಗೆದುಕೊಂಡ ವಿಲೋಮ ಅನುಪಾತದ ಪಾಠ ಚೆನ್ನಾಗಿ ಆಗಲಿಲ್ಲ. ಕೆಲಸಗಾರರು ಹೆಚ್ಚಾದರೆ ದಿನಗಳು ಕಡಿಮೆ ಎಂಬ ಮಾಮೂಲಿ ಉದಾಹರಣೆ ಮಕ್ಕಳಿಗೆ ಬಾಯಿಪಾಠವಾಗಿತ್ತು. ಹೊಸದು ಇರಲಿ ಎಂದು, ರಜೆಯಲ್ಲಿ ಊರಿನ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ನೋಡಿದ ಪ್ಲಾಸ್ಟಿಗೇಜ್ ದಾರದ ಚಿತ್ರವನ್ನು ಬೋರ್ಡಿನ ಮೇಲೆ ಬರೆದೆ. "ದಾರ ಅಗಲ ಆದ್ರೆ ಸಂದು ದೊಡ್ಡದು ಅಂತಲ್ವಾ ಮಿಸ್?" ಎಂದು ಒಬ್ಬ ಹುಡುಗಿ ಕೇಳಿದಳು. "ಇಲ್ಲ, ಚಿಕ್ಕದು" ಎಂದು ಹೇಳಿ ಸೂತ್ರಕ್ಕೆ ಹೋದೆ. ಮೌಲ್ಯಮಾಪನದ ಪ್ರಶ್ನೆಗೆ ಹೆಚ್ಚಿನ ಮಕ್ಕಳು ಬರೆದದ್ದು ಆ ಹುಡುಗಿಯ ಉತ್ತರವನ್ನೇ, ನನ್ನದನ್ನಲ್ಲ. ಅದೇ ಪಾಠವನ್ನು ಬಿ ವಿಭಾಗಕ್ಕೆ ಬೇರೆ ರೀತಿ ಮಾಡಿದೆ. ಆ ಎರಡನೇ ಪಾಠದ ವಿವರ ಇಲ್ಲಿದೆ.

ಮೊದಲು ದಾರದ ವಿಷಯ. ಇಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ ಬೇರಿಂಗಿನೊಳಗೆ ತಿರುಗಬೇಕಾದರೆ ನಡುವೆ ಆಯಿಲ್ ಪದರಕ್ಕೆ ಜಾಗ ಬೇಕು. ಜಾಗ ಕಡಿಮೆಯಾದರೆ ಆಯಿಲ್ ಪದರ ನಿಲ್ಲದೆ ಲೋಹಕ್ಕೆ ಲೋಹ ತಾಗಿ ಬಿಸಿಯಾಗಿ ಇಂಜಿನ್ ಹಿಡಿದುಕೊಳ್ಳುತ್ತದೆ. ಹೆಚ್ಚಾದರೆ ಆಯಿಲ್ ಸೋರಿಹೋಗಿ ಒತ್ತಡ ಇಳಿಯುತ್ತದೆ, ಇಂಜಿನ್ ಬಡಿಯುವ ಸದ್ದು ಬರುತ್ತದೆ. 50 ಮಿ.ಮೀ. ವ್ಯಾಸದ ಶಾಫ್ಟಿಗೆ ಸುಮಾರು 0.05 ಮಿ.ಮೀ. ಸಂದು ಎಂಬುದು ಮೆಕ್ಯಾನಿಕ್‌ಗಳ ಒಂದು ಅಂದಾಜು ಲೆಕ್ಕ. ಹೆಚ್ಚುಕಡಿಮೆ ಒಂದು ತಲೆಕೂದಲಿನ ದಪ್ಪ.

ಸ್ಪಾರ್ಕ್ ಪ್ಲಗ್ಗಿನ ಸಂದನ್ನೋ ವಾಲ್ವಿನ ಸಂದನ್ನೋ ನೋಡಲು ಫೀಲರ್ ಗೇಜ್ ಸಾಕು. ಅದು ಬೇರೆ ಬೇರೆ ದಪ್ಪದ ಉಕ್ಕಿನ ಪಟ್ಟಿಗಳ ಗೊಂಚಲು; ಯಾವ ಪಟ್ಟಿ ಬಿಗಿಯಾಗಿ ಜಾರುತ್ತದೋ ಅದರ ದಪ್ಪವೇ ಸಂದು. ಆದರೆ ಬೇರಿಂಗ್ ದುಂಡಗಿದೆ, ಮುಚ್ಚಿದೆ. ಚಪ್ಪಟೆ ಪಟ್ಟಿ ಅಲ್ಲಿಗೆ ಸರಿಯಾಗಿ ಕೂರುವುದಿಲ್ಲ. ಪ್ಲಾಸ್ಟಿಗೇಜ್ ಬರುವುದು ಇಲ್ಲಿ. ಇದು ಒತ್ತಿದರೆ ಚಪ್ಪಟೆಯಾಗಿ, ಬಿಟ್ಟರೆ ಹಿಂದಕ್ಕೆ ಬಾರದ ಸಣ್ಣ ಪ್ಲಾಸ್ಟಿಕ್ ಎಳೆ. ಆಯಿಲ್ ಒರೆಸಿ, ಶಾಫ್ಟಿನ ಉದ್ದಕ್ಕೆ ಒಂದು ತುಂಡು ಇಟ್ಟು, ಬೇರಿಂಗಿನ ಕ್ಯಾಪ್ ಕೂರಿಸಿ, ಬೋಲ್ಟನ್ನು ಟಾರ್ಕ್ ರೆಂಚಿನಿಂದ ಹೇಳಿದಷ್ಟೇ ಬಿಗಿ ಮಾಡುತ್ತಾರೆ. ಮತ್ತೆ ಬಿಚ್ಚಿ, ಚಪ್ಪಟೆಯಾದ ಎಳೆಯ ಅಗಲವನ್ನು ಅದರ ಕವರಿನ ಮೇಲೆ ಅಚ್ಚಾದ ಅಳತೆಪಟ್ಟಿಗೆ ಹೋಲಿಸುತ್ತಾರೆ. ಈ ನಡುವೆ ಶಾಫ್ಟನ್ನು ತಿರುಗಿಸಲೇಬಾರದು. ತಿರುಗಿದರೆ ಎಳೆ ಸವರಿಹೋಗಿ ಅಳತೆ ಕೆಡುತ್ತದೆ. ಗ್ಯಾರೇಜಿನಲ್ಲಿ ನಾನು ಕವರ್ ಹಿಡಿದು ನೋಡಿದಾಗ ಅತಿ ಅಗಲದ ಗೆರೆಯ ಪಕ್ಕದಲ್ಲೇ ಅತಿ ಸಣ್ಣ ಸಂಖ್ಯೆ ಇತ್ತು. ಮುದ್ರಣದೋಷ ಎಂದುಕೊಂಡಿದ್ದೆ! ನನಗೇ ಆದ ಗೊಂದಲವನ್ನು ತರಗತಿಯಲ್ಲಿ ಮರೆತದ್ದು ನನ್ನ ತಪ್ಪು.

ಎಳೆಯ ಘನಫಲ ಬದಲಾಗುವುದಿಲ್ಲ ಎನ್ನುವುದರಲ್ಲೇ ಇದರ ಗುಟ್ಟಿದೆ. ಎಳೆ ಉದ್ದಕ್ಕೆ ಹೆಚ್ಚು ಹಿಗ್ಗದಿದ್ದರೆ, ದುಂಡಗಿನ ಅಡ್ಡಕೊಯ್ತದ ವಿಸ್ತೀರ್ಣವೇ ಚಪ್ಪಟೆಯಾದ ಮೇಲೆ ಅಗಲ × ದಪ್ಪ. 0.3 ಮಿ.ಮೀ. ವ್ಯಾಸದ ಎಳೆ ಎಂದಿಟ್ಟುಕೊಳ್ಳಿ. ವಿಸ್ತೀರ್ಣ ಸುಮಾರು 0.07 ಚ.ಮಿ.ಮೀ. ಸಂದು 0.05 ಇದ್ದರೆ ಅಗಲ 1.4 ಮಿ.ಮೀ., ಸಂದು 0.025 ಆದರೆ 2.8 ಮಿ.ಮೀ. ಕಣ್ಣಿಗೆ ಕಾಣದ 0.025ರ ವ್ಯತ್ಯಾಸ ಸ್ಕೇಲಿನಲ್ಲಿ 1.4 ಮಿ.ಮೀ. ಆಗಿ ಕಾಣುತ್ತದೆ.

ಈ ಸಲ ಸೂತ್ರ ಹೇಳುವ ಮೊದಲು ಮಕ್ಕಳ ಕೈಯಲ್ಲೇ ಮಾಡಿಸಿದೆ. ಎಳೆಗೆ ಮೊದಲು ಚಪಾತಿ ಹಿಟ್ಟು ತಂದಿದ್ದೆ. ಅದು ಒತ್ತಿ ಬಿಟ್ಟರೆ ಹಿಂದಕ್ಕೆ ಕುಗ್ಗುತ್ತದೆ, ಹಾಗಾಗಿ ಕೆಲಸಕ್ಕೆ ಬರಲಿಲ್ಲ. ಮಕ್ಕಳು ಆಡುವ ಕ್ಲೇ ಸರಿಹೋಯಿತು. ಮನೆಯ ಚಕ್ಕುಲಿ ಒರಳಿಗೆ ಸೇವೆಯ ಬಿಲ್ಲೆ ಹಾಕಿ ಒತ್ತಿದರೆ ಒಂದೇ ದಪ್ಪದ ಎಳೆಗಳು ಬರುತ್ತವೆ (ಅಮ್ಮನಿಗೆ ಹೊಸ ಒರಳು ಕೊಡಿಸಬೇಕಾಯಿತು, ಅದು ಬೇರೆ ಮಾತು). ನಮ್ಮ ಎಳೆಯ ವ್ಯಾಸ 4 ಮಿ.ಮೀ. ಸಂದಿಗೆ ಪ್ರಯೋಗಾಲಯದ ಗಾಜಿನ ಸ್ಲೈಡುಗಳು; ಸ್ಕ್ರೂಗೇಜಿನಲ್ಲಿ ಒಂದರ ದಪ್ಪ 1.2 ಮಿ.ಮೀ. ಬಂತು. ಅಂಚಿಗೆ ಟೇಪ್ ಸುತ್ತಿದ ಎರಡು ಗಾಜಿನ ತುಂಡುಗಳ ನಡುವೆ, ಎರಡೂ ತುದಿಗೆ ಸ್ಲೈಡ್, ಮಧ್ಯದಲ್ಲಿ ಎಳೆ. ಮೇಲಿನ ಗಾಜು ಸ್ಲೈಡಿಗೆ ತಾಗುವವರೆಗೆ ಒತ್ತಿದರೆ ಆಯಿತು. ಗಾಜಿನ ಮೂಲಕವೇ ಅಗಲ ಕಾಣುವುದರಿಂದ ಬಿಚ್ಚುವ ಕೆಲಸವಿಲ್ಲ.

ಒತ್ತುವ ಮುನ್ನ ಪ್ರತಿ ಗುಂಪೂ ಊಹೆ ಬರೆಯಬೇಕಿತ್ತು: ಒಂದು ಸ್ಲೈಡ್ ಇಟ್ಟಾಗ ಎಳೆ ಹೆಚ್ಚು ಅಗಲವೋ, ಎರಡು ಇಟ್ಟಾಗಲೋ? ಊಹೆಗಳು ಎರಡೂ ಕಡೆ ಇದ್ದವು. ಒಂದು ಸ್ಲೈಡಿಗೆ 10.5 ಮಿ.ಮೀ., ಎರಡಕ್ಕೆ 5.5 ಮಿ.ಮೀ. ಬಂತು. ಗುಣಲಬ್ಧ 12.6 ಮತ್ತು 13.2. ಎಳೆಯ ಅಡ್ಡಕೊಯ್ತದ ವಿಸ್ತೀರ್ಣ 12.57 ಎಂದು ಮಕ್ಕಳೇ ಲೆಕ್ಕ ಹಾಕಿ ಪಕ್ಕದಲ್ಲಿ ಬರೆದರು. ಒಂದು ಗುಂಪಿನವರು ಮೇಲಿನ ಗಾಜನ್ನು ಸ್ವಲ್ಪ ತಿರುಗಿಸಿಬಿಟ್ಟರು, ಕ್ಲೇ ಸವರಿಹೋಯಿತು. ಶಾಫ್ಟ್ ಏಕೆ ತಿರುಗಿಸಬಾರದು ಎಂದು ನಾನು ಹೇಳಬೇಕಾಗಲೇ ಇಲ್ಲ.

ನನ್ನ ಪಾಠಯೋಜನೆಯಲ್ಲಿ ಇಲ್ಲದ್ದು ಆಮೇಲೆ ನಡೆಯಿತು. ಕೊನೆಯ ಬೆಂಚಿನ ಹುಡುಗನೊಬ್ಬ ಮೂರು ಸ್ಲೈಡ್ ಇಟ್ಟು ಒತ್ತಿದ. ಲೆಕ್ಕದ ಪ್ರಕಾರ ಅಗಲ 12.57 ÷ 3.6, ಅಂದರೆ 3.5 ಮಿ.ಮೀ. ಬರಬೇಕು. ಬಂದದ್ದು 4ಕ್ಕಿಂತ ಸ್ವಲ್ಪ ಹೆಚ್ಚು. "ಮಿಸ್, ಒತ್ತಿದ್ರೆ ಮೊದ್ಲಿಗಿಂತ ಕಿರಿದಾಗೋಕೆ ಹೇಗೆ ಸಾಧ್ಯ?" ಎಂದ. ನಿಜ. ಸ್ವಲ್ಪವೇ ಒತ್ತಿದಾಗ ಎಳೆಯ ಬದಿಗಳು ದುಂಡಗೇ ಉಳಿಯುತ್ತವೆ, ಅಡ್ಡಕೊಯ್ತ ಆಯತವಾಗುವುದಿಲ್ಲ, ಹಾಗಾಗಿ ಸೂತ್ರ ಹೊಂದುವುದಿಲ್ಲ. ಎರಡು ಸ್ಲೈಡಿಗೇ ಗುಣಲಬ್ಧ ಹೆಚ್ಚಾದದ್ದೂ ಇದರಿಂದಲೇ. ಎಳೆ ಚೆನ್ನಾಗಿ ಚಪ್ಪಟೆಯಾದಷ್ಟೂ ಲೆಕ್ಕ ನಿಜಕ್ಕೆ ಹತ್ತಿರ.

ಪ್ಲಾಸ್ಟಿಗೇಜ್ ಒಂದೇ ದಪ್ಪದಲ್ಲಿ ಬರದಿರುವುದನ್ನು ಇದಕ್ಕೆ ಜೋಡಿಸಿ ಹೇಳಿದೆ. ಸಾಮಾನ್ಯವಾಗಿ ಸಿಗುವವುಗಳಲ್ಲಿ ಹಸಿರು 0.025ರಿಂದ 0.076 ಮಿ.ಮೀ., ಕೆಂಪು 0.051ರಿಂದ 0.152, ನೀಲಿ 0.102ರಿಂದ 0.229 ಮಿ.ಮೀ. ಸಂದಿಗೆ. ದೊಡ್ಡ ಸಂದಿಗೆ ಸಣ್ಣ ಎಳೆ ಹಾಕಿದರೆ ಅದು ಸರಿಯಾಗಿ ಚಪ್ಪಟೆಯಾಗುವುದೇ ಇಲ್ಲ. ಬಳಸುವವರು ಸೂತ್ರ ಹಾಕದೆ ಕವರಿನ ಅಳತೆಪಟ್ಟಿಯನ್ನೇ ನಂಬುವುದೂ ಅನುಕೂಲವೇ. ಎಳೆಯ ಬದಿ ಹೇಗೆ ಉಬ್ಬುತ್ತದೆ ಎಂಬ ತಲೆನೋವು ಅವರಿಗಿಲ್ಲ.

ಮಾಡುವವರಿಗೆ ಒಂದೆರಡು ಮಾತು. ಹಿಂದಿನಿಂದಲೂ ಮೆತ್ತನೆಯ ಸೀಸದ ತಂತಿಯನ್ನು ಸಂದಿನಲ್ಲಿ ಒತ್ತಿ ದಪ್ಪ ಅಳೆಯುವ ರೂಢಿ ಇದೆ. ಸೀಸ ವಿಷ, ಮಕ್ಕಳ ಕೈಗೆ ಕೊಡಬೇಡಿ. 40 ನಿಮಿಷದ ಅವಧಿಗೆ ನಾಲ್ಕು ಗುಂಪು ಸಾಕು. ಸಮಯ ಉಳಿದರೆ ಒಂದು ತುದಿಗೆ ಒಂದು ಸ್ಲೈಡ್, ಇನ್ನೊಂದು ತುದಿಗೆ ಎರಡು ಇಟ್ಟು ನಡುವೆ ಉದ್ದನೆಯ ಎಳೆಯನ್ನು ಒತ್ತಿಸಿ: ಎಳೆ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು ಬರುತ್ತದೆ. ಶಾಫ್ಟ್ ಒಂದು ಬದಿಗೆ ಹೆಚ್ಚು ಸವೆದಿದ್ದರೆ ಮೆಕ್ಯಾನಿಕ್ ಕಾಣುವುದೂ ಇಂಥ ಗೆರೆಯನ್ನೇ. ಯಾವ ತುದಿಯಲ್ಲಿ ಸವೆದಿದೆ ಎಂದು ಕೇಳಿದಾಗ ಬಿ ವಿಭಾಗದವರು ಕಿರಿದಾದ ತುದಿಗೆ ಬೆರಳಿಟ್ಟರು.