ಅಂಗವಿಕಲರ ವಿವಾಹ

ಸುಗ್ಗಿ ಮುಗಿದು ಮಾಘ ಫಾಲ್ಗುಣಗಳು ಬಂದುವೆಂದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಮನೆಗಳಲ್ಲಿ ಹೆಣ್ಣು ನೋಡುವ, ಗಂಡು ಗೊತ್ತುಮಾಡುವ ಸಡಗರವು ಮೊದಲಾಗುವುದು. ಜಾತಕ, ಜಮೀನು, ಉದ್ಯೋಗ ಎಲ್ಲವನ್ನೂ ವಿಚಾರಿಸುವರು. ಆದರೆ ಅದೇ ಮನೆಯಲ್ಲಿ ಪೋಲಿಯೋ ಬೇನೆಯಿಂದ ಕಾಲು ಸೊರಗಿದ ಮಗಳೋ, ಕಿವಿ ಕೇಳಿಸದ ಮಗನೋ ಇದ್ದರೆ ಅವರ ವಿಷಯದಲ್ಲಿ ಮಾತ್ರ ಹಿರಿಯರು ಮೌನವನ್ನು ತಾಳುವರು. ‘ಅವಳಿಗೇಕೆ ಮದುವೆ? ನಾವು ನೋಡಿಕೊಳ್ಳುವುದಿಲ್ಲವೇ?’ ಎಂಬ ಮಾತು ವಾತ್ಸಲ್ಯದಿಂದಲೇ ಹೊರಡುವುದು. ತಾವಿಲ್ಲದ ಮೇಲೆ ಆಕೆಯ ಗತಿಯೇನೆಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಆಕೆಯ ಮನಸ್ಸಿನಲ್ಲೇನಿದೆಯೆಂದು ಕೇಳಿದವರೂ ಇಲ್ಲ.

2011ನೆಯ ಇಸವಿಯ ಜನಗಣತಿಯಂತೆ ಕರ್ನಾಟಕದಲ್ಲಿ ಅಂಗವಿಕಲರ ಸಂಖ್ಯೆಯು 13 ಲಕ್ಷವನ್ನು ಮೀರಿದ್ದಿತು. 2014ರಲ್ಲಿ ಭಾರತವು ಪೋಲಿಯೋಮುಕ್ತವೆಂದು ಘೋಷಿತವಾಯಿತಾದರೂ ಅದಕ್ಕೆ ಮುಂಚೆ ಆ ಬೇನೆಗೆ ಸಿಕ್ಕಿದ ಅನೇಕರು ಈಗ ಮದುವೆಯ ವಯಸ್ಸಿನವರು, ಇಲ್ಲವೆ ಅದನ್ನು ದಾಟಿದವರು.

ಈ ಭಾರವು ಗಂಡುಹೆಣ್ಣುಗಳ ಮೇಲೆ ಸಮನಾಗಿ ಬೀಳದು. ಕುಂಟುವ ಗಂಡಿಗೆ ಸರ್ಕಾರಿ ಉದ್ಯೋಗವಿದ್ದರೆ ಬಡವರ ಮನೆಯ ಹೆಣ್ಣನ್ನಾದರೂ ತರುವರು. ಕುಂಟುವ ಹೆಣ್ಣು ಅಷ್ಟೇ ಸಂಬಳವನ್ನು ತರುವವಳಾದರೂ ‘ನೀರು ಹೊರುವಳೇ? ಮುದ್ದೆ ತೊಳಸುವಳೇ?’ ಎಂದು ಕೇಳುವರು. (ಮನೆಗೆ ನಲ್ಲಿ ಬಂದ ಮೇಲೂ ಈ ನೀರಿನ ಪ್ರಶ್ನೆ ನಿಂತಿಲ್ಲವೆಂಬುದೇ ವಿಚಿತ್ರ!) ಇದಕ್ಕೆ ಅಂಜಿ ಕೆಲವರು ಕುಳಿತ ಭಂಗಿಯ ಛಾಯಾಚಿತ್ರವನ್ನು ಕಳುಹಿಸಿ, ಊರುಗೋಲಿನ ಸುದ್ದಿಯನ್ನೇ ಎತ್ತದೆ ಮಾತುಕತೆಯನ್ನು ನಡೆಸುವುದುಂಟು. ಇದು ಸರ್ವಥಾ ಸಲ್ಲದು. ಮುಖ್ಯ ಸಂಗತಿಯನ್ನು ವಂಚನೆಯಿಂದ ಮರೆಮಾಡಿ ಒಪ್ಪಿಗೆ ಪಡೆದಿದ್ದರೆ ಆ ಮದುವೆಯನ್ನು ರದ್ದುಪಡಿಸಬೇಕೆಂದು ಕೋರಲು 1955ರ ಹಿಂದೂ ವಿವಾಹ ಕಾಯಿದೆಯು ಎಡೆಗೊಟ್ಟಿದೆ. ಅದೇ ಕಾಯಿದೆಯಲ್ಲಿ ಮದುವೆಗೆ ಅಡ್ಡಿಯಾಗಿದ್ದ ಮೂರ್ಛೆರೋಗವನ್ನು 1999ರಲ್ಲಿ ತೆಗೆದುಹಾಕಿದರು. ಕುಷ್ಠವು ವಿಚ್ಛೇದನಕ್ಕೆ ಕಾರಣವೆಂಬ ಮಾತೂ 2019ರಲ್ಲಿ ಅಳಿಯಿತು. ಕಾಯಿದೆ ಬದಲಾಯಿಸಿದಷ್ಟು ಬೇಗ ಹೆಣ್ಣು ನೋಡುವವರ ಕಣ್ಣು ಬದಲಾಗಿಲ್ಲ.

ಹಾಸನದಲ್ಲಿ ಹುಟ್ಟಿದ ಶ್ರೀ ಸುಹಾಸ್ ಯತಿರಾಜರು ಕಾಲಿನ ಊನವಿದ್ದೂ ಐ.ಎ.ಎಸ್. ಅಧಿಕಾರಿಗಳಾದರು, 2021ರಲ್ಲಿ ಟೋಕಿಯೋದಲ್ಲಿಯೂ 2024ರಲ್ಲಿ ಪ್ಯಾರಿಸಿನಲ್ಲಿಯೂ ಪ್ಯಾರಾಲಿಂಪಿಕ್ಸಿನ ಬ್ಯಾಡ್ಮಿಂಟನ್ ಆಟದಲ್ಲಿ ಬೆಳ್ಳಿಯ ಪದಕವನ್ನು ಗಳಿಸಿದರು. ಅವರ ಪತ್ನಿ ಶ್ರೀಮತಿ ಋತು ಅವರೂ ಉತ್ತರಪ್ರದೇಶದ ಸರ್ಕಾರಿ ಅಧಿಕಾರಿಣಿ. ಇದೇ ಜಿಲ್ಲೆಯ ಶ್ರೀ ಗಿರೀಶರು 2012ರಲ್ಲಿ ಲಂಡನ್ನಿನಲ್ಲಿ 1.74 ಮೀಟರ್ ಎತ್ತರವನ್ನು ಹಾರಿ ಬೆಳ್ಳಿಯನ್ನು ತಂದರು. ಇಂತಹವರನ್ನು ಕಂಡು ಊರಿಗೆ ಊರೇ ಹಿಗ್ಗುವುದು ಸಹಜ. ಆದರೆ ಒಬ್ಬ ಸಂಗಾತಿಯನ್ನು ಪಡೆಯಲು ಬೆಳ್ಳಿಯ ಪದಕವೇ ಬೇಕೇ?

ಒಲವು ಮೂಡಬೇಕಾದರೆ ಪರಿಚಯವಾಗಬೇಕು. ಪರಿಚಯವಾಗಬೇಕಾದರೆ ಮನೆಯಿಂದ ಹೊರಡಬೇಕು. ಮಿಕ್ಕ ಮೂರು ಊರುಗಳೂ ಹಾಸನಕ್ಕೆ ಸುಮಾರು 40 ಕಿಲೋಮೀಟರಿನೊಳಗೇ ಇವೆ. ಅಂಗವಿಕಲರಿಗೆ ಸಾರಿಗೆ ಸಂಸ್ಥೆಯ ರಿಯಾಯತಿ ಪಾಸೂ ಉಂಟು. ಬಸ್ಸಿನ ಮೆಟ್ಟಿಲೇ ಮೊಣಕಾಲೆತ್ತರವಿದ್ದರೆ ಪಾಸಿನಿಂದ ಬಂದ ಭಾಗ್ಯವೇನು? ಕಿವುಡರ ಮಟ್ಟಿಗೆ ಮೊಬೈಲು ದೊಡ್ಡ ಉಪಕಾರವನ್ನೇ ಮಾಡಿದೆ: ಪರಸ್ಪರ ಮುಖವನ್ನು ನೋಡುತ್ತ ಕೈಸನ್ನೆಯಲ್ಲಿ ಸಂಭಾಷಿಸಬಹುದು. ಮಗಳು ಹಾಗೆ ಮಾತಾಡುವುದನ್ನು ಕಂಡು ಗಾಬರಿಯಾಗುವ ತಾಯಂದಿರು ಆ ಹುಡುಗನ ಊರುಮನೆಗಳನ್ನು ವಿಚಾರಿಸಿಕೊಂಡರೆ ಲೇಸು. ಫೋನನ್ನು ಕಸಿದುಕೊಳ್ಳುವುದರಿಂದ ಫಲವಿಲ್ಲ.

‘ಹುಟ್ಟುವ ಮಕ್ಕಳಿಗೂ ಹೀಗೆಯೇ ಆದರೆ?’ ಎಂಬ ಭಯವು ಇನ್ನೊಂದು. ಪೋಲಿಯೋದಿಂದಲೋ ಅಪಘಾತದಿಂದಲೋ ಬಂದ ಊನವು ಮಕ್ಕಳಿಗೆ ಬಾರದು. ಕೆಲವು ಬಗೆಯ ಕಿವುಡು, ಕುರುಡು, ಸ್ನಾಯುರೋಗಗಳು ವಂಶದಲ್ಲಿ ಹರಿದು ಬರಬಹುದು; ಇವಕ್ಕೆ ವೈದ್ಯರ ಸಲಹೆಯನ್ನು ಪಡೆಯಬೇಕು. ಅಕ್ಕನ ಮಗಳನ್ನು ತರುವ ನಮ್ಮ ಸೀಮೆಯ ಪದ್ಧತಿಯಲ್ಲಿ, ಯಾವ ಊನವೂ ಕಾಣದ ವಧೂವರರಿಗೂ ಈ ಸಲಹೆ ಅವಶ್ಯವೆಂಬುದನ್ನು ಎಷ್ಟು ಮನೆಗಳಲ್ಲಿ ನೆನೆಯುವರು?

ಪ್ರಾಪ್ತವಯಸ್ಕರಾದ ಅಂಗವಿಕಲರು ತಮ್ಮ ಸ್ವಂತ ಸಮ್ಮತಿಯಿಂದ ಮದುವೆಯಾಗಿ ಸಂಸಾರ ಹೂಡುವ ಹಕ್ಕುಳ್ಳವರೆಂದು ವಿಶ್ವಸಂಸ್ಥೆಯ ಒಡಂಬಡಿಕೆಯು ಹೇಳುತ್ತದೆ. ಭಾರತವು 2007ರಲ್ಲಿ ಅದಕ್ಕೆ ಅಂಗೀಕಾರವನ್ನು ಕೊಟ್ಟಿತು. ತಂದೆತಾಯಿಗಳ ಊನವೊಂದನ್ನೇ ಕಾರಣಮಾಡಿ ಕೂಸನ್ನು ಅವರಿಂದ ಅಗಲಿಸಕೂಡದೆಂಬುದೂ ಅದರಲ್ಲಿ ಸೇರಿದೆ.