ಮುರಿದ ಕೊಂಬೆಗೂ ಬದುಕುಂಟು

ಬೇಸಿಗೆ ರಜೆಯ ನಡುವೆಯೇ ಗುಡುಗು, ಬಿರುಗಾಳಿ, ಆಲಿಕಲ್ಲಿನ ಮಳೆ ಬರುತ್ತದೆ. ಏಪ್ರಿಲ್–ಮೇ ತಿಂಗಳ ಸಂಜೆ ಬೀಸುವ ಈ ಗಾಳಿ ಅರ್ಧ ಗಂಟೆಯಲ್ಲೇ ಹಿತ್ತಲಿನ ಪಪ್ಪಾಯಿಯನ್ನು ಉರುಳಿಸಿ, ನುಗ್ಗೆಯನ್ನು ಮುರಿದು, ದಾಸವಾಳವನ್ನು ಸೀಳಿ ಹೋಗಬಲ್ಲದು. ಮರುದಿನ ಬಿದ್ದದ್ದು ಕಸದ ಗಾಡಿಗೆ, ಗಾಯಗೊಂಡ ಗಿಡ ಕೊಡಲಿಗೆ. ಸ್ವಲ್ಪ ತಿಳಿವಳಿಕೆಯಿದ್ದರೆ ಎರಡನ್ನೂ ಉಳಿಸಬಹುದು.

ಎಚ್ಚರ ಮಳೆಗೆ ಮೊದಲೇ ಶುರುವಾಗಬೇಕು. ಒಣಗಿದ, ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನು ತೆಗೆಯಬೇಕು. ಎಳೆಯ ಗಿಡಕ್ಕೆ ಕೋಲು ಊರಿ, ಹಳೆಯ ಬಟ್ಟೆಯಿಂದ ಇಂಗ್ಲಿಷ್ ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಬೇಕು. ತಂತಿ, ನೈಲಾನ್ ದಾರ ತೊಗಟೆಯನ್ನು ಕೊರೆಯುತ್ತವೆ. ಗಿಡ ತುಸು ಓಲಾಡಲು ಎಡೆಯಿರಲಿ. ಓಲಾಡಿದಷ್ಟೂ ಕಾಂಡ ಗಟ್ಟಿಯಾಗುತ್ತದೆ. ಕುಂಡಗಳನ್ನು ತಾರಸಿಯ ಅಂಚಿನಿಂದ ಕೆಳಗಿಳಿಸಿ ಗೋಡೆಯ ಬದಿಗೆ ಒತ್ತೊತ್ತಾಗಿ ಇಡಬೇಕು.

ಮಳೆ ನಿಂತ ಮೇಲೆ ಮೊದಲು ತಲೆಯೆತ್ತಿ ನೋಡಬೇಕು. ವಿದ್ಯುತ್ ತಂತಿಗೆ ತಗುಲಿದ ಕೊಂಬೆಯನ್ನು ದೊಡ್ಡವರೂ ಮುಟ್ಟಬಾರದು. 1912ಕ್ಕೆ ಫೋನ್ ಮಾಡಿ ವಿದ್ಯುತ್ ಸಿಬ್ಬಂದಿಗೆ ತಿಳಿಸಬೇಕು.

ಮನುಷ್ಯರ ಗಾಯದಂತೆ ಮರದ ಗಾಯ ಮಾಯುವುದಿಲ್ಲ. ಕೆಟ್ಟ ಭಾಗವನ್ನು ಮರ ಒಳಗೇ ಗೋಡೆ ಕಟ್ಟಿದಂತೆ ಬೇರ್ಪಡಿಸಿ, ಮೇಲೆ ಹೊಸ ತೊಗಟೆ ಬೆಳೆಸಿ ಮುಚ್ಚುತ್ತದೆ. ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶೈಗೊ ಕಾಂಡಗಳನ್ನು ಉದ್ದುದ್ದ ಸೀಳಿ ನೋಡಿ, 1977ರಲ್ಲಿ ಇದನ್ನು ವಿವರಿಸಿದರು. ಆದ್ದರಿಂದ ಕೊಂಬೆಯನ್ನು ಎಲ್ಲಿ ಕತ್ತರಿಸುತ್ತೇವೆ ಎಂಬುದೇ ಮುಖ್ಯ. ಕೊಂಬೆ ಕಾಂಡವನ್ನು ಸೇರುವಲ್ಲಿ ಬಳೆಯಂಥ ಉಬ್ಬು ಇರುತ್ತದೆ. ಆ ಉಬ್ಬಿಗೆ ತಾಗದಂತೆ, ಅದರ ಹೊರಗೆ ನಯವಾಗಿ ಕತ್ತರಿಸಬೇಕು, ಮೋಟು ಉಳಿಸಬಾರದು. ಸಾಮಾನ್ಯವಾಗಿ ಬಣ್ಣ, ಟಾರು ಬಳಿಯುವ ಅಗತ್ಯವಿಲ್ಲ. ಭಾರವಾದ ಕೊಂಬೆಯಾದರೆ ಒಂದಡಿ ಆಚೆ ಮೊದಲು ಕೆಳಗಿನಿಂದ ಕಚ್ಚು ಹಾಕಿ, ಆಮೇಲೆ ಮೇಲಿನಿಂದ ಕೊಯ್ದರೆ ತೊಗಟೆ ಸುಲಿಯುವುದಿಲ್ಲ. ಉಳಿದ ಮೋಟನ್ನು ಕೊನೆಗೆ ತೆಗೆಯಬೇಕು.

ಸಣ್ಣ ಕೊಂಬೆ ಸೀಳಿದ್ದರೂ ತೊಗಟೆಯ ಒಂದು ಭಾಗ ಅಂಟಿಕೊಂಡು ಎಲೆಗಳು ಬಾಡದಿದ್ದರೆ, ಅಂದೇ ಎರಡನ್ನೂ ಸೇರಿಸಿ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ, ಬಿದಿರಿನ ದಬ್ಬೆಯ ಆಸರೆ ಕೊಡಬಹುದು. ಕಸಿ ಕೂಡುವಂತೆ ಅದೂ ಕೂಡಬಹುದು.

ಪೂರ್ತಿ ಮುರಿದದ್ದು ಹೊಸ ಗಿಡವಾಗಬಲ್ಲದು. ಪೆನ್ಸಿಲ್ ದಪ್ಪದ ದಾಸವಾಳದ ಕಡ್ಡಿಯನ್ನು ಆರು ಇಂಚು ಉದ್ದಕ್ಕೆ, ಗೆಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಮರಳು ಬೆರೆಸಿದ ಮಣ್ಣಿನಲ್ಲಿ ನೆರಳಲ್ಲಿ ನೆಡಬೇಕು. ನುಗ್ಗೆಗೆ ಮಣಿಕಟ್ಟಿನ ದಪ್ಪದ, ಮೂರು-ನಾಲ್ಕು ಅಡಿಯ ತುಂಡು ಬೇಕು. ಮೂರನೆಯ ಒಂದು ಭಾಗ ಮಣ್ಣಿನಲ್ಲಿರಲಿ. ದೇವಗಣಗಿಲೆಯ ಕೊಂಬೆಯನ್ನು ಹಾಲು ಒಣಗುವವರೆಗೆ ಒಂದು ವಾರ ನೆರಳಲ್ಲಿಟ್ಟು ನೆಡಬೇಕು. ಮಾವು, ಹಲಸಿನ ಕೊಂಬೆ ಹೀಗೆ ಸುಲಭವಾಗಿ ಬೇರು ಬಿಡುವುದಿಲ್ಲ.

ಚಿಗುರು ಕಂಡೊಡನೆ ಮಕ್ಕಳು ಕಡ್ಡಿ ಕಿತ್ತು ನೋಡುವುದುಂಟು. ಅದು ಬೇಡ. ಕಡ್ಡಿಯಲ್ಲಿ ಉಳಿದ ಆಹಾರದಿಂದಲೂ ಚಿಗುರು ಬರುತ್ತದೆ. ಬೇರಿಗೆ ಇನ್ನಷ್ಟು ದಿನ ಬೇಕು.